ಕೂಸಿಗಿಂತ ಮೊದಲು ಕುಲಾವಿ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ದೋಣಿಗೆ ಜಾಗ ಹಿಡಿಯುವುದು ಹೇಗೆ

ದೋಣಿ ತಗೊಂಡೆ ಅಂತ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಖುಷಿಯೋ ಖುಷಿ. ನಮ್ಮದು ಗಂಗೊಳ್ಳಿ ಕಡೆ, ಬಾಗಿಲು ತೆಗೆದರೆ ದೋಣಿ ಕಾಣುವ ಊರು. ಎಷ್ಟಕ್ಕೆ ತಗೊಂಡೆ ಅಂತ ಕೇಳಿದರು, ಹೇಳಿದೆ. ತಿಂಗಳ ಖರ್ಚು ಎಷ್ಟು ಅಂದರು, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ದೋಣಿ ಕಟ್ಟುಕೂ ಬಾಡ್ಗಿ ಕೊಡ್ಕಾ?" ಅಂದರು.

ಕೊಡಬೇಕು. ಅದೂ ಸುಮ್ನೆ ಕೊಡುವುದಲ್ಲ. ಹುಡುಕಿ, ಕಾದು, ಅಳತೆ ಕೊಟ್ಟು, ವಿಮೆ ತೋರಿಸಿ, ಆಮೇಲೆ ಕೊಡಬೇಕು. ನಮ್ಮ ಕಡೆ ಮಳೆಗಾಲದ ನಿಷೇಧದ 61 ದಿನ ಮಲ್ಪೆ ದಕ್ಕೆಯಲ್ಲಿ ದೋಣಿಗೆ ದೋಣಿ ತಾಗಿಸಿ ಕಟ್ಟುತ್ತಾರಲ್ಲ, ಒಂದರ ಮೇಲೆ ಹತ್ತಿ ಇನ್ನೊಂದಕ್ಕೆ ದಾಟಿ ಮನೆಗೆ ಹೋಗುವ ಹಾಗೆ? ಇಲ್ಲಿ ಅದು ನಡೆಯುವುದಿಲ್ಲ. ಒಂದು ದೋಣಿಗೆ ಒಂದು ಸ್ಲಿಪ್. ಸ್ಲಿಪ್ ಅಂದರೆ ಡಾಕ್ ಅನ್ನುವ ತೇಲುವ ಕಟ್ಟೆಗಳ ನಡುವಿನ ಒಂದು ಗೂಡು, ನೀರಿನ ಮೇಲಿನ ಪಾರ್ಕಿಂಗ್ ಅನ್ನಿ. ಕೆಲವು ಬಂದರುಗಳಲ್ಲಿ ಅದನ್ನೇ ಬರ್ತ್ ಅನ್ನುತ್ತಾರೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ನಗುತ್ತೇವೆ. ದೋಣಿಯ ವಿಷಯದಲ್ಲಿ ಮಾತ್ರ ಕುಲಾವಿಯೇ ಮೊದಲು. ನಾನು ಉಲ್ಟಾ ಮಾಡಿದೆ. ಮೊದಲು ದೋಣಿ ತಗೊಂಡು, ಆಮೇಲೆ ಜಾಗ ಹುಡುಕಿದೆ. ಈ ಕೊಲ್ಲಿಯ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡದ ಗೆಳೆಯರಲ್ಲಿ ನಾಲ್ಕೈದು ಜನ ಈಗ ಅದೇ ದಾರಿಯಲ್ಲಿ ಹೊರಟಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ: ಇಷ್ಟು ದೊಡ್ಡ ಕೊಲ್ಲಿಯಲ್ಲಿ ಜಾಗ ಯಾಕಿಲ್ಲ?

ನೀರಿಗೆ ಬರ ಇಲ್ಲ. ಬರ ಇರುವುದು ದಡಕ್ಕೆ, ಆಳಕ್ಕೆ ಮತ್ತು ಅನುಮತಿಗೆ.

ಒಂದು ಕಾಲದಲ್ಲಿ ಈ ಕೊಲ್ಲಿಯನ್ನು ಮಣ್ಣು, ಕಸ ಸುರಿದು ಮುಚ್ಚುತ್ತಿದ್ದರು. 1961ರಲ್ಲಿ ಬರ್ಕ್ಲಿಯ ಮೂವರು ಹೆಂಗಸರು, ಕೇ ಕರ್, ಸಿಲ್ವಿಯಾ ಮೆಕ್‌ಲಾಫ್ಲಿನ್ ಮತ್ತು ಎಸ್ತರ್ ಗುಲಿಕ್, ಇದು ನಿಲ್ಲಬೇಕು ಅಂತ ಹೊರಟರು. ಅದರ ಫಲವಾಗಿ 1965ರಲ್ಲಿ ಬಿಸಿಡಿಸಿ ಎಂಬ ಸರ್ಕಾರಿ ಆಯೋಗ ಹುಟ್ಟಿತು. ಕೊಲ್ಲಿಯೊಳಗೆ ಏನೇ ಕಟ್ಟಬೇಕಿದ್ದರೂ ಅದರ ಒಪ್ಪಿಗೆ ಬೇಕು. ಕೊಲ್ಲಿ ಉಳಿದದ್ದೇ ಇದರಿಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಮರೀನಾ, ಅಂದರೆ ಇಂಥ ಸ್ಲಿಪ್ಪುಗಳಿರುವ ದೋಣಿ ಬಂದರು, ಕಟ್ಟುವುದು ವರ್ಷಗಟ್ಟಲೆಯ ಕೆಲಸವಾಯಿತು. ಇಲ್ಲಿನ ಮರೀನಾಗಳಲ್ಲಿ ಹೊಸದು ರೆಡ್‌ವುಡ್ ಸಿಟಿಯ ವೆಸ್ಟ್‌ಪಾಯಿಂಟ್ ಹಾರ್ಬರ್. ಹಳೆಯ ಉಪ್ಪಿನ ಕೊಳವೊಂದರ ಜಾಗದಲ್ಲಿ ಎದ್ದು 2008ರಲ್ಲಿ ತೆರೆಯಿತು. "ಹೊಸದು" ಅನ್ನುವುದಕ್ಕೇ ಇಷ್ಟು ವಯಸ್ಸಾಗಿದೆ, ನೋಡಿ.

ಇನ್ನೊಂದು ಕಡೆ, ಇದ್ದವು ಹೋಗುತ್ತಿವೆ. ದೊಡ್ಡ ಶತ್ರು ಹೂಳು. ಪಾಲೊ ಆಲ್ಟೊದಲ್ಲಿ ಒಂದು ದೋಣಿ ಬಂದರು ಇತ್ತು ಅಂದರೆ ಅಲ್ಲೇ ಕೆಲಸ ಮಾಡುವ ಎಷ್ಟೋ ಜನ ನಂಬುವುದಿಲ್ಲ. ಇನ್ನು ಹೂಳು ತೆಗೆಯುವುದು ಬೇಡ ಅಂತ ಊರಿನವರೇ ತೀರ್ಮಾನಿಸಿದ ಮೇಲೆ ಅದು 1986ರಲ್ಲಿ ಮುಚ್ಚಿತು. ಸ್ಯಾನ್ ಹೋಸೆಯ ಆಲ್ವಿಸೊ ಮರೀನಾಕ್ಕೂ ಹೂಳು, ಜೊಂಡು ತುಂಬಿತು. ಈಗ ಅಲ್ಲಿರುವುದು 2010ರಲ್ಲಿ ಕಟ್ಟಿದ, ದೋಣಿ ಇಳಿಸುವ ಒಂದು ಇಳಿಜಾರು ಮಾತ್ರ. ಸ್ಯಾನ್ ಲಿಯಾಂಡ್ರೊ ಮರೀನಾ ಸೋತದ್ದೂ ಹೂಳೆತ್ತುವ ಖರ್ಚಿಗೇ. ನಮ್ಮ ಅಳಿವೆಗಳ ಬಾಯಿ ಮುಚ್ಚುವ ಕಥೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಹೆಚ್ಚಿನ ತಲೆನೋವು ಏನೆಂದರೆ, ಮೀನುಗಳ ಓಡಾಟದ ಕಾಲ ಬಿಟ್ಟು ವರ್ಷದ ಕೆಲವು ತಿಂಗಳು ಮಾತ್ರ ಹೂಳೆತ್ತಬಹುದು. ಎತ್ತಿದ್ದನ್ನು ಎಲ್ಲಿ ಸುರಿಯಬೇಕು ಅನ್ನುವುದಕ್ಕೆ ಮತ್ತೊಂದು ಅನುಮತಿ.

ಹೂಳು ಬಿಟ್ಟರೆ ಮನೆಗಳು. ನೀರಿನ ಅಂಚಿನ ಜಾಗದಲ್ಲಿ ದೋಣಿ ಬಾಡಿಗೆಗಿಂತ ಅಪಾರ್ಟ್‌ಮೆಂಟಿಗೆ ಹಣ ಜಾಸ್ತಿ. ರೆಡ್‌ವುಡ್ ಸಿಟಿಯ ಪೀಟ್ಸ್ ಹಾರ್ಬರ್‌ನಲ್ಲಿ ದೋಣಿಯಲ್ಲೇ ಬದುಕುತ್ತಿದ್ದವರು 2013ರ ಹೊತ್ತಿಗೆ ಜಾಗ ಖಾಲಿ ಮಾಡಬೇಕಾಯಿತು. ಅಲಮೇಡಾ ಮರೀನಾದ ಹಳೆಯ ಶೆಡ್ಡುಗಳ ಜಾಗದಲ್ಲೂ ಮನೆಗಳೆದ್ದಿವೆ.

ಇದರ ಮೇಲೆ ಕೋವಿಡ್ ಬಂತು. 2020ರಲ್ಲಿ ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಹೊಸ ಪವರ್‌ಬೋಟ್‌ಗಳು ಮಾರಾಟವಾದವು. ದೊಡ್ಡ ಬಂಡವಾಳವೂ ಈ ಕಡೆ ತಿರುಗಿತು. ದೇಶದ ಅತಿ ದೊಡ್ಡ ಮರೀನಾ ಕಂಪನಿಯಾದ ಸೇಫ್ ಹಾರ್ಬರ್ 2020ರಲ್ಲಿ ಸುಮಾರು 210 ಕೋಟಿ ಡಾಲರಿಗೆ ಕೈ ಬದಲಾಯಿಸಿತು. 2025ರಲ್ಲಿ ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್ ಅದನ್ನು ಕೊಂಡದ್ದು 565 ಕೋಟಿಗೆ. ಐದು ವರ್ಷದಲ್ಲಿ ಎರಡೂವರೆ ಪಟ್ಟು ಹೆಚ್ಚು! ಮಧ್ಯೆ ಹೊಸ ಮರೀನಾಗಳೂ ಆ ಕಂಪನಿಗೆ ಸೇರಿದ್ದವು ನಿಜ. ಆದರೂ ಇಷ್ಟು ಹಣ ಹಾಕಿದವರು ಬಾಡಿಗೆ ಇಳಿಸುತ್ತಾರೆ ಅಂತ ನೀವು ಕಾಯುತ್ತಿದ್ದರೆ, ಕಾಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಸೇರಿಸಬೇಕು. "ಜಾಗವೇ ಇಲ್ಲ" ಅನ್ನುವುದು ಅರ್ಧ ಸತ್ಯ. 40 ಅಡಿ ದಾಟಿದ ದೋಣಿಗೆ, ಎರಡು ಒಡಲಿನ ಅಗಲ ದೋಣಿಯಾದ ಕ್ಯಾಟಮರಾನಿಗೆ, ದೋಣಿಯಲ್ಲೇ ವಾಸ ಮಾಡುವವರಿಗೆ ನಿಜಕ್ಕೂ ಜಾಗವಿಲ್ಲ. ಆದರೆ ಹಳೆಯ ಮರೀನಾಗಳನ್ನು ಕಟ್ಟಿದ ಕಾಲದಲ್ಲಿ ಜನರ ದೋಣಿಗಳು ಸಣ್ಣವಿದ್ದವು. ಹಾಗಾಗಿ 30 ಅಡಿಯೊಳಗಿನ ಗೂಡುಗಳು ಅಲ್ಲಲ್ಲಿ ಖಾಲಿ ಸಿಗುತ್ತವೆ. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ.

ಹೆಜ್ಜೆ 1: ಟೇಪು ಹಿಡಿದು ಅಳೆಯಿರಿ

ಜಾಹೀರಾತಿನಲ್ಲಿ ಇರುವ ಉದ್ದ ದೋಣಿಯ ಉದ್ದವಲ್ಲ. ಇದು ನನ್ನ ಮೊದಲ ಪಾಠ.

ನನ್ನದು ಕ್ಯಾಟಲೀನಾ 27, ಈ ಕೊಲ್ಲಿಯಲ್ಲಿ ಎಲ್ಲಿ ನೋಡಿದರೂ ಕಾಣುವ ಹಳೆಯ ಹಾಯಿದೋಣಿ. ಉದ್ದ 26 ಅಡಿ 10 ಇಂಚು ಅಂತ ಪುಸ್ತಕ ಹೇಳುತ್ತದೆ. ನಾನು ಫೋನಿನಲ್ಲಿ ಧೈರ್ಯವಾಗಿ 28 ಅಡಿಯ ಸ್ಲಿಪ್ ಕೇಳಿದೆ. ದೋಣಿ ಬಂದ ದಿನ ಆಫೀಸಿನ ಹೆಂಗಸು ಉದ್ದನೆಯ ಟೇಪು ಹಿಡಿದು ಬಂದರು. ಮುಂದಿನ ಕಂಬಿಯ ತುದಿಯಿಂದ ಹಿಂದೆ ಎತ್ತಿಟ್ಟಿದ್ದ ಔಟ್‌ಬೋರ್ಡ್ ಎಂಜಿನ್ನಿನ ತುದಿಯವರೆಗೆ ಎಳೆದರು. 28 ಅಡಿ 10 ಇಂಚು! 28ರ ಗೂಡಿನಲ್ಲಿ ಕೂರುವುದಿಲ್ಲ, ಮುಂದಿನದು 32. ಬಾಡಿಗೆಯೂ 32 ಅಡಿಗೇ.

ನಿಯಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಸ್ಲಿಪ್ಪಿನ ಉದ್ದ ಮತ್ತು ದೋಣಿಯ ಒಟ್ಟು ಉದ್ದ, ಇವೆರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಬಾಡಿಗೆ. ಒಟ್ಟು ಉದ್ದ ಅಂದರೆ ಮುಂದೆ ಚಾಚಿದ ಆಂಕರ್, ಹಿಂದಿನ ಈಜು ಹಲಗೆ, ಎಂಜಿನ್, ಸಣ್ಣ ದೋಣಿ ತೂಗುಹಾಕುವ ಕಂಬಿ ಎಲ್ಲ ಸೇರಿ. ಆದ್ದರಿಂದ ದೋಣಿ ನೋಡಲು ಹೋಗುವಾಗ ಟೇಪು ಜೇಬಿನಲ್ಲಿರಲಿ. ಮೂರು ಅಳತೆ ಬರೆದುಕೊಳ್ಳಿ: ಒಟ್ಟು ಉದ್ದ, ಅಗಲ, ನೀರಿನ ಕೆಳಗೆ ಎಷ್ಟು ಆಳ ಇಳಿಯುತ್ತದೆ ಅನ್ನುವುದು. ಆಳವನ್ನು ಟೇಪಿನಲ್ಲಿ ಅಳೆಯಲಾಗದು, ಮಾಡೆಲ್ಲಿನ ವಿವರ ನೋಡಿಕೊಳ್ಳಿ. ಕ್ಯಾಟಲೀನಾ 27ರ ಮಾಮೂಲಿ ಕೀಲ್ (ತಳದಿಂದ ನೀರಿನೊಳಗೆ ಇಳಿಯುವ ಭಾರದ ರೆಕ್ಕೆ) 4 ಅಡಿ ಇಳಿಯುತ್ತದೆ, ಕ್ಯಾಟಲೀನಾ 30 ಆದರೆ 5 ಅಡಿ 3 ಇಂಚು. ಈ ಒಂದೂಕಾಲು ಅಡಿ ಮುಂದೆ ಎಷ್ಟು ಕಾಡುತ್ತದೆ ಅಂತ ನೀರಿನ ಆಳದ ವಿಷಯ ಬಂದಾಗ ಹೇಳುತ್ತೇನೆ.

ಕ್ಯಾಟಮರಾನ್ ಆಸೆ ಇದ್ದರೆ ಈಗಲೇ ಕೇಳಿಸಿಕೊಳ್ಳಿ. 40 ಅಡಿಯ ಕ್ಯಾಟಮರಾನ್ 22 ಅಡಿಯಷ್ಟು ಅಗಲ ಇರುತ್ತದೆ. ಮಾಮೂಲಿ ಗೂಡಿನಲ್ಲಿ ಅದು ಹಿಡಿಸುವುದಿಲ್ಲ. ಎಂಡ್-ಟೈ ಬೇಕು, ಅಂದರೆ ಡಾಕಿನ ತುದಿಯಲ್ಲಿ ದೋಣಿ ಕಟ್ಟುವ ತೆರೆದ ಜಾಗ. ಒಂದು ಡಾಕಿಗೆ ಇರುವುದೇ ಒಂದೋ ಎರಡೋ ತುದಿ.

ಹೆಜ್ಜೆ 2: ಊರು ಆರಿಸಿ, ಆದರೆ ಮನೆಯಿಂದ ಎಷ್ಟು ದೂರ ಅಂತ ಮಾತ್ರ ನೋಡಬೇಡಿ

ಎಲ್ಲರೂ ಮೊದಲು ಗೂಗಲ್ ಮ್ಯಾಪಿನಲ್ಲಿ ಮನೆಗೆ ಹತ್ತಿರದ್ದು ಹುಡುಕುತ್ತಾರೆ. ನೀವು ಗಾಳಿ ಮತ್ತು ಆಳವನ್ನು ಮೊದಲು ನೋಡಿ.

ಬೇಸಿಗೆಯ ಮಧ್ಯಾಹ್ನ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಸಂದಿನಿಂದ ಪಡುವಣ ಗಾಳಿ ನುಗ್ಗುತ್ತದೆ, 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಇಲ್ಲಿ ದಿನನಿತ್ಯದ ಮಾತು. ಅದು ನೇರ ಹೋಗಿ ಬಡಿಯುವುದು ಬರ್ಕ್ಲಿ ಕಡೆಗೆ. ಬರ್ಕ್ಲಿ ಮರೀನಾ ನಗರಸಭೆಯದು, ಸುಮಾರು 1,000 ಬರ್ತ್‌ಗಳ ದೊಡ್ಡ ಬಂದರು. ಸಣ್ಣ ದೋಣಿಗೆ ಜಾಗ ಸಿಗುವ ಸಾಧ್ಯತೆಯೂ ಅಲ್ಲಿ ಚೆನ್ನಾಗಿದೆ. ಹೊರಗೆ ಬಂದ ಹತ್ತೇ ನಿಮಿಷಕ್ಕೆ ಹಾಯಿ ತುಂಬುತ್ತದೆ. ಆದರೆ ವಾಪಸ್ ಬಂದು ಕಟ್ಟುವಾಗ ಗಾಳಿ ಬೆನ್ನ ಹಿಂದೆ ಇದ್ದರೆ ಹೊಸಬರಿಗೆ ಎದೆ ಡವಡವ. ಅಲ್ಲಿ ಗೂಡು ಕೇಳುವಾಗ "ಒಳಗೆ ಬರುವಾಗ ಗಾಳಿಗೆ ಮುಖ ಮಾಡುವ ಸ್ಲಿಪ್ ಇದೆಯಾ" ಅಂತಲೇ ಕೇಳಿ. ಗಾಳಿಗೆ ಎದುರು ಬಂದರೆ ದೋಣಿ ತಾನೇ ನಿಧಾನವಾಗುತ್ತದೆ. ಬೆನ್ನ ಗಾಳಿಯಲ್ಲಿ ಬಂದರೆ ಡಾಕೇ ಬ್ರೇಕು.

ಓಕ್‌ಲ್ಯಾಂಡ್ ಮತ್ತು ಅಲಮೇಡಾ ನಡುವಿನ ಕಾಲುವೆ, ಇಲ್ಲಿಯವರು ಎಸ್ಚುಯರಿ ಅನ್ನುವುದು, ಶಾಂತ. ಮರೀನಾಗಳು ಸಾಲಾಗಿವೆ, ದರ ವಿಚಾರಿಸಿ ಹೋಲಿಸುವುದು ಸುಲಭ. ಹೊಸಬರಿಗೆ ನಾನು ಮೊದಲು ಹೇಳುವುದೇ ಇದನ್ನು. ತೊಂದರೆ ಎರಡು. ತೆರೆದ ಕೊಲ್ಲಿ ಮುಟ್ಟಲು ಎಂಜಿನ್ ಹಾಕಿಕೊಂಡು ಗಂಟೆಯ ಹತ್ತಿರ ಹೋಗಬೇಕು. 2023ರಲ್ಲಿ ಅಲ್ಲಿನ ದೋಣಿ ಕಳ್ಳತನಗಳು ದೊಡ್ಡ ಸುದ್ದಿಯಾಗಿದ್ದವು, ಹಾಗಾಗಿ ಗೇಟು, ದೀಪ, ರಾತ್ರಿ ಕಾವಲು ವಿಚಾರಿಸಿ.

ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು ಬೇರೆಯೇ ಲೋಕ. ಸೌತ್ ಬೀಚ್ ಹಾರ್ಬರ್ ಬೇಸ್‌ಬಾಲ್ ಮೈದಾನದ ಪಕ್ಕ, ಮರೀನಾ ಗ್ರೀನ್ ಬಳಿಯದು ಗೋಲ್ಡನ್ ಗೇಟಿನ ಮಡಿಲಲ್ಲಿ. ಚಂದ ಅಂದರೆ ಚಂದ. ಹೆಸರು ಬರೆಸಿ ಮರೆತುಬಿಡಿ, ಪಂದ್ಯದ ದಿನ ಪಾರ್ಕಿಂಗ್ ಹುಡುಕುವುದನ್ನೂ ಮರೆತುಬಿಡಿ.

ದಕ್ಷಿಣಕ್ಕೆ ಬ್ರಿಸ್ಬೇನ್, ಆಯ್ಸ್ಟರ್ ಪಾಯಿಂಟ್, ಕೊಯೊಟಿ ಪಾಯಿಂಟ್, ರೆಡ್‌ವುಡ್ ಸಿಟಿ. ಸನ್ನಿವೇಲ್, ಕ್ಯುಪರ್ಟಿನೊ ಕಡೆ ಇರುವ ನಮ್ಮವರಿಗೆ ಹತ್ತಿರ. ಇಲ್ಲಿ ನೀರಿನ ಆಳ ಕಡಿಮೆ, ಏರಿಳಿತ ಜಾಸ್ತಿ. ಗೋಲ್ಡನ್ ಗೇಟ್ ಬಳಿ ಉಬ್ಬರ-ಇಳಿತದ ಅಂತರ ಸುಮಾರು 6 ಅಡಿ ಆದರೆ ಕೊಲ್ಲಿಯ ದಕ್ಷಿಣ ತುದಿಯಲ್ಲಿ 8 ಅಡಿ ದಾಟುತ್ತದೆ. ಆಗ 4 ಅಡಿ ಕೀಲ್ ಮತ್ತು 5 ಅಡಿ 3 ಇಂಚಿನ ಕೀಲ್ ನಡುವಿನ ವ್ಯತ್ಯಾಸ ಅಂದರೆ, ಬೆಳಿಗ್ಗೆ 9ಕ್ಕೆ ಹೊರಡಬಹುದೋ ಅಥವಾ ನೀರು ಏರಲಿ ಅಂತ ಡಾಕಿನ ಮೇಲೆ ಕೂತು ಚಿತ್ರಾನ್ನ ತಿನ್ನಬೇಕೋ ಅನ್ನುವುದು. ನಾನು ತಿಂದಿದ್ದೇನೆ.

ಇನ್ನು ಪೂರ್ವಕ್ಕೆ, ನದಿ ಕಡೆಗೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ. ವಲೇಹೊ, ಬೆನೀಷಿಯಾ ದಾಟಿ ಆಂಟಿಯಾಕ್, ಸ್ಟಾಕ್ಟನ್ ಕಡೆಯ ಡೆಲ್ಟಾದಲ್ಲಿ ಸಿಹಿನೀರು. ದೋಣಿಯ ತಳಕ್ಕೆ ಉಪ್ಪುನೀರಿನ ಚಿಪ್ಪು ಹತ್ತುವುದಿಲ್ಲ. ಆದರೆ ಬೆಂಗಳೂರಿನ ಕೆರೆಗಳನ್ನು ಮುಚ್ಚಿರುವ ಅದೇ ನೇರಳೆ ಹೂವಿನ ಅಂತರಗಂಗೆ ಅಲ್ಲೂ ಇದೆ, ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ನದಿಯಲ್ಲೇ ಓಡಾಡುವ ಆಸೆಯಿದ್ದರೆ ಡೆಲ್ಟಾ ಒಳ್ಳೆಯದು. ಗೋಲ್ಡನ್ ಗೇಟ್ ಕೆಳಗೆ ಹಾಯಬೇಕು ಅನ್ನುವವರಿಗೆ ಪ್ರತಿ ವಾರಾಂತ್ಯವೂ ದಾರಿಯಲ್ಲೇ ಮುಗಿಯುತ್ತದೆ.

ಹೆಜ್ಜೆ 3: ಲೆಕ್ಕ ಹಾಕಿ, ಸಂಗಾತಿಯ ಎದುರೇ ಹಾಕಿ

ದರ ಅಡಿಗೆ ತಿಂಗಳಿಗೆ ಇಷ್ಟು ಅಂತ ಇರುತ್ತದೆ. ಉದಾಹರಣೆಗೆ ಅಡಿಗೆ 15 ಡಾಲರ್ ಅಂದುಕೊಳ್ಳಿ. ನನ್ನ ಮನಸ್ಸಿನ ಲೆಕ್ಕ 27 ಅಡಿಗೆ 405 ಡಾಲರ್ ಇತ್ತು. ಟೇಪಿನ ನಂತರ 32 ಅಡಿಗೆ 480. ತಿಂಗಳಿಗೆ 75 ಹೆಚ್ಚು, ವರ್ಷಕ್ಕೆ 900. ವರ್ಷದ ಬಾಡಿಗೆಯೇ 5,760. ಇಂಥ ಹಳೆಯ 27 ಅಡಿ ದೋಣಿ ಕೆಲವೇ ಸಾವಿರ ಡಾಲರಿಗೆ ಸಿಗುತ್ತದೆ. ಅಂದರೆ ಒಂದು ವರ್ಷದ ಬಾಡಿಗೆಗೂ ದೋಣಿಯ ಬೆಲೆಗೂ ಹೆಚ್ಚು ದೂರವಿಲ್ಲ. "ಉಚಿತ, ಬಂದು ತಗೊಂಡು ಹೋಗಿ" ಅನ್ನುವ ಜಾಹೀರಾತು ನೋಡಿದಾಗ ಇದು ನೆನಪಿರಲಿ. ಆ ಮನುಷ್ಯ ನಿಮಗೆ ಕೊಡುತ್ತಿರುವುದು ದೋಣಿಯನ್ನಲ್ಲ, ತನ್ನ ಬಾಡಿಗೆಯನ್ನು.

ಬಾಡಿಗೆಯ ಬಾಲಗಳನ್ನೂ ಸೇರಿಸಿ. ಮುಂಗಡ, ಗೇಟಿನ ಕೀ, ಡಾಕ್ ಮೇಲಿನ ಸಾಮಾನು ಪೆಟ್ಟಿಗೆ, ಕರೆಂಟು. ಉಪ್ಪುನೀರಿನಲ್ಲಿದ್ದರೆ ತಳ ಉಜ್ಜಲು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮುಳುಗುಗಾರ, ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿ ಬಣ್ಣ.

ಕ್ಯಾಲಿಫೋರ್ನಿಯಾದಲ್ಲಿ ದೋಣಿಗೂ ಆಸ್ತಿ ತೆರಿಗೆ ಇದೆ. ಜನವರಿ 1ರಂದು ದೋಣಿ ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಇರುತ್ತದೋ ಆ ಕೌಂಟಿ ಹಾಕುತ್ತದೆ, ಬೆಲೆಯ ಶೇಕಡಾ 1ಕ್ಕಿಂತ ಸ್ವಲ್ಪ ಮೇಲೆ, ಆಗಸ್ಟ್ 31ರೊಳಗೆ ಕಟ್ಟಬೇಕು. ಸರ್ಕಾರಿ ಮರೀನಾದಲ್ಲಿ ಸ್ಲಿಪ್ ಹಿಡಿದರೆ, ಆ ಸರ್ಕಾರಿ ಜಾಗ ಬಳಸುತ್ತಿದ್ದೀರಿ ಅಂತ ಇನ್ನೊಂದು ತೆರಿಗೆ ಚೀಟಿ ಬರಬಹುದು. ಮೊದಲ ಸಲ ಅದು ಬಂದಾಗ ನಾನು ಮೋಸದ ಪತ್ರ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ದಂಡ ಬಿತ್ತು.

ಹೆಜ್ಜೆ 4: ಫೋನ್ ಮಾಡಿ, ಆಮೇಲೆ ಹೋಗಿ ಮುಖ ತೋರಿಸಿ

ವೆಬ್‌ಸೈಟಿನ "ವೇಟ್‌ಲಿಸ್ಟ್" ಅನ್ನುವ ಪದಕ್ಕೆ ಹೆದರಬೇಡಿ, ಅದನ್ನು ನಂಬಲೂ ಬೇಡಿ. ಒಂದು ಮರೀನಾದ ಪಟ್ಟಿ 45 ಅಡಿಗೆ ವರ್ಷಗಟ್ಟಲೆ ಇರಬಹುದು, 28 ಅಡಿಗೆ ಪಟ್ಟಿಯೇ ಇಲ್ಲದಿರಬಹುದು. ಫೋನ್ ಮಾಡಿ ನಿಮ್ಮ ಅಳತೆ ಹೇಳಿ, "ಈ ಅಳತೆಗೆ ಎಷ್ಟು ಜನ ನನ್ನ ಮುಂದೆ ಇದ್ದಾರೆ, ಹೋದ ವರ್ಷ ಎಷ್ಟು ಜನರಿಗೆ ಸಿಕ್ಕಿತು" ಅಂತ ಕೇಳಿ. ಈ ಎರಡು ಉತ್ತರ ಸಿಕ್ಕರೆ ಎಷ್ಟು ಕಾಯಬೇಕು ಅಂತ ನೀವೇ ಭಾಗಿಸಿ ನೋಡಬಹುದು.

ನಾಲ್ಕೈದು ಕಡೆ ಹೆಸರು ಬರೆಸಿ. ಪಟ್ಟಿಯ ಶುಲ್ಕ ವಾಪಸ್ ಬರುತ್ತದಾ, ವರ್ಷ ವರ್ಷ ನವೀಕರಿಸಬೇಕಾ, ಒಮ್ಮೆ ಬೇಡ ಅಂದರೆ ಹೆಸರು ಕೊನೆಗೆ ಹೋಗುತ್ತದಾ ಅಂತ ಕೇಳಿ ಒಂದು ಕಾಗದದಲ್ಲಿ ಬರೆದಿಡಿ. ನವೀಕರಣದ ಮೇಲ್ ಸ್ಪ್ಯಾಮ್ ಡಬ್ಬಿಗೆ ಹೋಗಿ ವರ್ಷಗಳ ಕಾಯುವಿಕೆ ಕಳೆದುಕೊಂಡವರು ಇದ್ದಾರೆ. ಸಾಂಟಾ ಕ್ರೂಜ್ ಹಾರ್ಬರ್‌ನಂಥ ಕಡೆ ಕೆಲವು ಅಳತೆಗೆ ದಶಕ ದಾಟಿ ಕಾಯಬೇಕು. ಅಲ್ಲಿ ಈಗ ಹೆಸರು ಬರೆಸುವುದು ಮಕ್ಕಳ ಹೆಸರಿನಲ್ಲಿ ಸೈಟು ಮಾಡಿದ ಹಾಗೆ.

ಆಮೇಲೆ ಒಂದು ವಾರದ ದಿನ ಖುದ್ದಾಗಿ ಹೋಗಿ. ಶನಿವಾರ ಬೇಡ, ಆಫೀಸಿನಲ್ಲಿ ಗಲಾಟೆ ಇರುತ್ತದೆ. ಹಾರ್ಬರ್‌ಮಾಸ್ಟರ್ ಕಚೇರಿಯಲ್ಲಿ ಕೂರುವವರಿಗೆ ಯಾರು ಖಾಲಿ ಮಾಡುತ್ತಿದ್ದಾರೆ ಅಂತ ಮೊದಲೇ ಗೊತ್ತಿರುತ್ತದೆ. ಎಂಡ್-ಟೈಯಲ್ಲಿ ತಾತ್ಕಾಲಿಕವಾಗಿ ಇರುತ್ತೇನೆ, ದೋಣಿ ಸರಿಸಿ ಅಂದರೆ ಸರಿಸುತ್ತೇನೆ ಅನ್ನಿ. ಹಾಗೆ ಒಳಗೆ ಬಂದವರಿಗೆ ಖಾಯಂ ಜಾಗ ಬೇಗ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ಹೆಜ್ಜೆ 5: "ಸ್ಲಿಪ್ ಸಮೇತ ದೋಣಿ" ಅಂದರೆ ಕಾಗದ ಕೇಳಿ

ನಾನು ಬಿದ್ದದ್ದು ಇಲ್ಲಿ. ಮಾರಿದವರು ಒಳ್ಳೆಯವರೇ. "ದೋಣಿ ಇಲ್ಲೇ ಇರಲಿ, ಆಫೀಸಿನಲ್ಲಿ ಹೆಸರು ಬದಲಾಯಿಸಿದರಾಯಿತು" ಅಂದರು, ಅವರಿಗೂ ಹಾಗೇ ಗೊತ್ತಿತ್ತು. ಸೋಮವಾರ ನಾನು ಆಫೀಸಿಗೆ ಹೋದರೆ, ಸ್ಲಿಪ್ ಒಪ್ಪಂದ ಮನುಷ್ಯನ ಜೊತೆ, ದೋಣಿಯ ಜೊತೆಯಲ್ಲ ಅಂದರು. ಆ ಗೂಡು ಪಟ್ಟಿಯಲ್ಲಿ ಮುಂದೆ ಇರುವವರಿಗೆ. ನನಗೆ 30 ದಿನ. ಆ 30 ದಿನದಲ್ಲಿ ಹನ್ನೊಂದು ಮರೀನಾಗಳಿಗೆ ಫೋನ್ ಮಾಡಿದೆ, ರಾತ್ರಿ ಕನಸಿನಲ್ಲೂ ಉದ್ದ-ಅಗಲ ಹೇಳುತ್ತಿದ್ದೆ ಅಂತ ಹೆಂಡತಿ ಈಗಲೂ ನಗುತ್ತಾಳೆ.

ಎಲ್ಲ ಕಡೆ ಹೀಗೇ ಅಂತಲ್ಲ. ದಕ್ಷಿಣದ ಸಾಂಟಾ ಬಾರ್ಬರಾದಲ್ಲಿ ನಗರಕ್ಕೆ ವರ್ಗಾವಣೆ ಶುಲ್ಕ ಕಟ್ಟಿ ಸ್ಲಿಪ್ ಪರವಾನಗಿಯನ್ನು ಇನ್ನೊಬ್ಬರಿಗೆ ದಾಟಿಸಬಹುದು. ಹಾಗಾಗಿ ಅಲ್ಲಿ ಹಳೆಯ ದೋಣಿಗೆ ಹೇಳುವ ಬೆಲೆಯಲ್ಲಿ ಬಹುಪಾಲು ಜಾಗದ್ದೇ. ಎಮರಿವಿಲ್‌ನ ಎಮರಿ ಕೋವ್‌ನಲ್ಲಿ ಸ್ಲಿಪ್ಪನ್ನು ಫ್ಲ್ಯಾಟಿನ ಹಾಗೆ ಕೊಳ್ಳಲೂಬಹುದು. ಕೊಂಡ ಮೇಲೆ ಸಂಘದ ತಿಂಗಳ ಖರ್ಚು, ತೆರಿಗೆ ಇದ್ದೇ ಇದೆ. ಹತ್ತು ವರ್ಷ ಇಲ್ಲೇ ಇರುತ್ತೇವೆ ಅನ್ನುವವರು ಯೋಚಿಸಬಹುದು. ವೀಸಾ ಯಾವಾಗ ಏನಾಗುತ್ತದೋ ಅನ್ನುವವರು ಬಾಡಿಗೆಯಲ್ಲೇ ಇರಿ.

ಮಾರುವವರ ಮಾತು ಎಷ್ಟೇ ಚೆನ್ನಾಗಿರಲಿ, ಹಣ ಕೊಡುವ ಮೊದಲು ಹಾರ್ಬರ್ ಕಚೇರಿಯಿಂದ ಒಂದು ಮೇಲ್ ತರಿಸಿಕೊಳ್ಳಿ: ಈ ದೋಣಿ, ಈ ಸ್ಲಿಪ್, ಹೊಸ ಮಾಲೀಕರು ಇಂಥವರು, ಇಷ್ಟು ದಿನ ಇರಬಹುದು ಅಂತ.

ಹೆಜ್ಜೆ 6: ನೀರು ಇಳಿದಾಗ ಡಾಕಿನ ಮೇಲೆ ನಡೆಯಿರಿ

ಉಬ್ಬರದಲ್ಲಿ ಎಲ್ಲ ಮರೀನಾಗಳೂ ಚೆಂದ. ಇಳಿತದಲ್ಲಿ ನೋಡಬೇಕು. ಉಬ್ಬರ-ಇಳಿತದ ಪಟ್ಟಿಯಲ್ಲಿ ಮೈನಸ್ ಗುರುತಿನ, ಅಂದರೆ ಮಾಮೂಲಿಗಿಂತ ಕೆಳಗಿನ, ಇಳಿತ ಯಾವ ದಿನ ಅಂತ ನೋಡಿಕೊಂಡು ಹೋಗಿ. ಈ ಕೊಲ್ಲಿಯಲ್ಲಿ ಚಳಿಗಾಲದ ದೊಡ್ಡ ಇಳಿತಗಳು ಮಧ್ಯಾಹ್ನದ ಮೇಲೆ ಬರುತ್ತವೆ, ಬೇಸಿಗೆಯವು ಬೆಳಗಿನ ಜಾವ. ಡಿಸೆಂಬರಿನ ಒಂದು ಸಂಜೆ 4 ಗಂಟೆಗೆ ನಿಮ್ಮ ಗೂಡಿನಲ್ಲಿ ಕೆಸರು ಕಂಡರೆ, ಅಲ್ಲಿಗೆ ಬೇರೆ ವಿಚಾರಣೆ ಬೇಡ. ಕಾಣದಿದ್ದರೆ ಭಾರ ಕಟ್ಟಿದ ದಾರ ಇಳಿಸಿ ಅಳೆಯಿರಿ. ಪ್ರವೇಶದ ಕಾಲುವೆಯ ಬಗ್ಗೆ ಪಕ್ಕದ ದೋಣಿಯವರನ್ನು ಕೇಳಿ, ಆಫೀಸಿನವರನ್ನಲ್ಲ.

ಹಾಗೇ ನಡೆಯುತ್ತಾ ನೋಡಿ: ಹಗ್ಗ ಕಟ್ಟುವ ಕ್ಲೀಟುಗಳು ಅಲುಗಾಡುತ್ತವೆಯಾ, ಹಲಗೆ ಕೊಳೆತಿದೆಯಾ, ಕರೆಂಟಿನ ಕಂಬದಲ್ಲಿ ಸುಟ್ಟ ಗುರುತು ಇದೆಯಾ, ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಪಂಪ್ ಕೆಲಸ ಮಾಡುತ್ತಿದೆಯಾ. ಪಕ್ಕದ ಗೂಡಿನಲ್ಲಿ ಹಾಯಿ ಹರಿದು, ಹಗ್ಗ ಸವೆದ, ಯಾರೂ ಬಾರದ ದೋಣಿ ಇದ್ದರೆ ಬೇರೆ ಗೂಡು ಕೇಳಿ. ಬಿರುಗಾಳಿಯ ರಾತ್ರಿ ಅದು ಬಂದು ಒರಗುವುದು ನಿಮ್ಮ ಮೇಲೆಯೇ.

ಹೆಜ್ಜೆ 7: ಕಾಗದ ಪತ್ರ

ಬೇಗ ಹೇಳಿ ಮುಗಿಸುತ್ತೇನೆ. ರಾಜ್ಯದ ವಾಹನ ನೋಂದಣಿ ಕಚೇರಿಯಾದ ಡಿಎಂವಿಯಲ್ಲಿ ದೋಣಿಯ ನೋಂದಣಿ ನಿಮ್ಮ ಹೆಸರಿಗೆ ಆಗಿರಬೇಕು. ಹೊಣೆಗಾರಿಕೆ ವಿಮೆ ಬೇಕು. ಎಷ್ಟು ಮೊತ್ತಕ್ಕೆ ಅಂತ ಮರೀನಾ ಹೇಳುತ್ತದೆ, ಅದರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸಬೇಕಾಗುತ್ತದೆ. ಹಳೆಯ ದೋಣಿಗೆ ವಿಮೆ ಸಿಗಬೇಕಾದರೆ ಸರ್ವೆಯರ್ ಪರೀಕ್ಷಿಸಿದ ವರದಿ ಕೇಳುತ್ತಾರೆ. ದೋಣಿ ಕೊಳ್ಳುವಾಗಲೇ ಅದನ್ನು ಮಾಡಿಸಿ, ಎರಡು ಕೆಲಸ ಒಟ್ಟಿಗೆ ಆಗುತ್ತದೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಇರುವ ದೋಣಿ ನಡೆಸಲು ಯಾವ ವಯಸ್ಸಿನವರಿಗೂ ಬೋಟರ್ ಕಾರ್ಡ್ ಬೇಕು. ಹಾಯಿದೋಣಿ ಆದರೂ ಎಂಜಿನ್ ಹಾಕಿದರೆ ಅದೇ ನಿಯಮ. ಪರೀಕ್ಷೆ ಸುಲಭ, ಕಾರ್ಡಿಗೆ 10 ಡಾಲರ್, ಜೀವನಪೂರ್ತಿ ನಡೆಯುತ್ತದೆ.

ಹೆಜ್ಜೆ 8: ಒಪ್ಪಂದದಲ್ಲಿ ನಾಲ್ಕು ಸಾಲು ಹುಡುಕಿ

ಬಾಡಿಗೆ ಏರಿಸುವ ಮೊದಲು ಎಷ್ಟು ದಿನ ಮುಂಚೆ ಹೇಳುತ್ತಾರೆ? ಹೆಚ್ಚಿನವು ತಿಂಗಳ ಲೆಕ್ಕದ ಒಪ್ಪಂದಗಳು, 30 ದಿನದಲ್ಲಿ ದರವೂ ಬದಲಾಗಬಹುದು, ನೀವೂ ಹೊರಡಬಹುದು.

ಊರಿಗೆ ಎರಡು ಮೂರು ತಿಂಗಳು ಹೋದಾಗ ಸ್ಲಿಪ್ಪನ್ನು ಬೇರೆಯವರಿಗೆ ಕೊಡಬಹುದಾ? ಸಾಮಾನ್ಯವಾಗಿ ನೀವಾಗಿ ಕೊಡುವಂತಿಲ್ಲ. ನಿಮ್ಮ ದೋಣಿ ಹೊರಗಿದ್ದರೆ ಮರೀನಾ ತಾನೇ ಕೊಡುತ್ತದೆ.

ಪಾಲುದಾರರು ಇದ್ದರೆ? ಎಲ್ಲರ ಹೆಸರೂ ನೋಂದಣಿಯಲ್ಲಿ ಮತ್ತು ಒಪ್ಪಂದದಲ್ಲಿ ಮೊದಲ ದಿನದಿಂದ ಇರಬೇಕು. ಮುಖ್ಯ ಹೆಸರಿನವರು ಬಿಟ್ಟುಹೋದರೆ ಸ್ಲಿಪ್ ಯಾರಿಗೆ ಅನ್ನುವುದನ್ನು ಬರಹದಲ್ಲಿ ಕೇಳಿ.

ದೋಣಿಯಲ್ಲಿ ಮಲಗಬಹುದಾ? ವಾರಕ್ಕೆ ಒಂದೆರಡು ರಾತ್ರಿ ಆಗಬಹುದು. ಅಲ್ಲೇ ವಾಸ ಮಾಡಲು ಪ್ರತ್ಯೇಕ ಅನುಮತಿ ಬೇಕು. ಬಿಸಿಡಿಸಿ ಲೆಕ್ಕದಲ್ಲಿ ಒಂದು ಮರೀನಾದ ಬರ್ತ್‌ಗಳಲ್ಲಿ ಶೇಕಡಾ 10ರಷ್ಟು ಮಾತ್ರ ವಾಸಕ್ಕೆ. ಮನೆ ಬಾಡಿಗೆ ಉಳಿಸಲು ಗುಟ್ಟಾಗಿ ವಾಸ ಮಾಡುವವರಿಗೆ ಇಲ್ಲಿ ಸ್ನೀಕ್‌ಅಬೋರ್ಡ್ ಅಂತ ಅಡ್ಡಹೆಸರೇ ಇದೆ. ಸಿಕ್ಕಿಬಿದ್ದರೆ ಸ್ಲಿಪ್ಪೇ ಹೋಗುತ್ತದೆ.

ಎಲ್ಲೂ ಸಿಗದಿದ್ದರೆ?

ಒಂದು, ಹಂಚಿಕೊಳ್ಳಿ. ಮೂರು ಮನೆಯವರು ಸೇರಿ ಒಂದು ದೋಣಿ. ತಿಂಗಳಿಗೆ 480 ಅನ್ನುವುದು 160 ಆಗುತ್ತದೆ. ಹೇಗೂ ಯಾರೂ ಪ್ರತಿ ವಾರ ಹೋಗುವುದಿಲ್ಲ. ಆದರೆ ವಾರಾಂತ್ಯಗಳ ಪಟ್ಟಿ ಮೊದಲೇ ಮಾಡಿಕೊಳ್ಳಿ, ಇಲ್ಲದಿದ್ದರೆ ಸ್ನೇಹ ಹೋಗುತ್ತದೆ.

ಎರಡು, ಟ್ರೇಲರ್ ಮೇಲಿನ ದೋಣಿ. 22 ಅಡಿಯವರೆಗಿನದನ್ನು ಮನೆಯಲ್ಲೋ ಒಣ ಜಾಗದಲ್ಲೋ ಇಟ್ಟು ಬೇಕಾದಾಗ ಇಳಿಸಬಹುದು. ನಿಮ್ಮ ಬಡಾವಣೆಯ ಸಂಘ ಅಂಗಳದಲ್ಲಿ ದೋಣಿ ಇಡಲು ಬಿಡುತ್ತದಾ ನೋಡಿ, ಬಹುತೇಕ ಬಿಡುವುದಿಲ್ಲ.

ಮೂರು, ದೋಣಿಯೇ ಬೇಡ, ಕ್ಲಬ್ ಸೇರಿ. ಬರ್ಕ್ಲಿಯಲ್ಲಿ ಸ್ವಯಂಸೇವಕರೇ ನಡೆಸುವ ಕ್ಯಾಲ್ ಸೇಲಿಂಗ್ ಕ್ಲಬ್ ಇದೆ. ಕಡಿಮೆ ಖರ್ಚಿನಲ್ಲಿ ಕಲಿಸುತ್ತಾರೆ, ಬದಲಿಗೆ ನೀವೂ ಕೈ ಕೆಸರು ಮಾಡಿಕೊಂಡು ಕೆಲಸ ಮಾಡಬೇಕು. ಹಾಯಿ ಕಟ್ಟಲು ಬಾರದವರು ದೋಣಿ ಹುಡುಕುವ ಮೊದಲು ಒಂದು ಬೇಸಿಗೆ ಅಲ್ಲಿ ಕಳೆಯಿರಿ. ನಿಮಗೆ ಇದು ಬೇಕೇ ಬೇಕಾ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ.

ಲಂಗರು ಹಾಕಿ ಕೊಲ್ಲಿಯಲ್ಲೇ ಬಿಡೋಣ ಅನ್ನುವ ಯೋಚನೆ ಮಾತ್ರ ಬೇಡ. ಸೌಸಲಿಟೊ ಬಳಿಯ ರಿಚರ್ಡ್‌ಸನ್ ಕೊಲ್ಲಿಯಲ್ಲಿ ದಶಕಗಳಿಂದ ಜನ ಹಾಗೆ ಬದುಕಿದ್ದರು. ಅವರ ಲಂಗರು, ಸರಪಳಿ ಉಜ್ಜಿ ಉಜ್ಜಿ, ಹೆರಿಂಗ್ ಮೀನು ಮೊಟ್ಟೆಯಿಡುವ ಈಲ್‌ಗ್ರಾಸ್ ಹುಲ್ಲು ನಾಶವಾಗುತ್ತಿತ್ತು. 2021ರ ಒಪ್ಪಂದದಲ್ಲಿ ಎಲ್ಲರನ್ನೂ ತೆರವು ಮಾಡಲು 2026ರ ಅಕ್ಟೋಬರ್ ಗಡುವು ಹಾಕಿದರು. ಹೊಸದಾಗಿ ಬಂದವರಿಗೆ 72 ಗಂಟೆಯ ಮಿತಿ.

ಬಿಡುವಾಗ

ಸೇರುವಾಗಲೇ ಹೊರಗೆ ಹೋಗುವ ದಾರಿಯೂ ಗೊತ್ತಿರಲಿ. ಬಾಡಿಗೆ ನಿಲ್ಲಿಸಿದರೆ ಮರೀನಾ ದೋಣಿಯನ್ನು ಹರಾಜು ಹಾಕಬಹುದು. ಮಾರಾಟವಾಗದ ಹಳೆಯ ದೋಣಿಯನ್ನು 1 ಡಾಲರಿಗೆ ಯಾರಿಗೋ ದಾಟಿಸಬೇಡಿ, ಅದು ಕೊನೆಗೆ ಮುಳುಗಿ ಕೊಲ್ಲಿಗೇ ಬೀಳುತ್ತದೆ. ಬೇಡವಾದ ದೋಣಿಯನ್ನು ಒಪ್ಪಿಸುವ ಒಂದು ಯೋಜನೆಗೆ ರಾಜ್ಯ ಹಣ ಕೊಡುತ್ತದೆ, ವಿಟಿಪ್ ಅನ್ನುತ್ತಾರೆ. ನಿಮ್ಮ ಸ್ಥಳೀಯ ಸಂಸ್ಥೆ ಅದರಲ್ಲಿ ಸೇರಿದೆಯಾ ಅಂತ ಹಾರ್ಬರ್ ಕಚೇರಿಯಲ್ಲೇ ಕೇಳಬಹುದು.

ನಾನು ಮೂವತ್ತು ದಿನದ ಆ ಓಟದಲ್ಲಿ ಹೆಸರು ಬರೆಸಿದ್ದ ಒಂದು ಕಡೆಯಿಂದ ಹೋದ ತಿಂಗಳು ಮೇಲ್ ಬಂತು. ನಗರದ ಹತ್ತಿರ, ಗಾಳಿಗೆ ಮುಖ ಮಾಡಿದ ಗೂಡು, ಆಳವೂ ಇದೆ. ಉದ್ದ 36 ಅಡಿ. ಏಳು ದಿನದಲ್ಲಿ ಉತ್ತರ ಕೊಡಿ ಅಂದಿದ್ದರು. 36 ಅಡಿಯ ಬಾಡಿಗೆ ಕೊಟ್ಟು 27ರ ದೋಣಿ ಕಟ್ಟುವುದು ಯಾಕೆ, ಒಂದು ಸ್ವಲ್ಪ ದೊಡ್ಡ ದೋಣಿ ನೋಡೋಣವಾ ಅಂತ ಹೆಂಡತಿಯನ್ನು ಕೇಳಿದೆ. ಅವಳು ಮಾತಾಡದೆ ಡ್ರಾಯರಿನಿಂದ ಆ ಟೇಪು ತಂದು ನನ್ನ ಮುಂದೆ ಇಟ್ಟಳು.